ಹದಿನೇಳು ಒಡಕು ದನಿಗಳ ಪೆಟ್ಟಿಗೆ

ನಮ್ಮ ಕಟ್ಟಡದ ಲಿಫ್ಟಿನೊಳಗೆ, ಕನ್ನಡಿಯ ಪಕ್ಕದಲ್ಲಿ, ನಿವಾಸಿಗಳ ಸಂಘದ ನಿಯಮಗಳನ್ನು ಅಚ್ಚು ಹಾಕಿಸಿ ಅಂಟಿಸಿದ್ದಾರೆ. ಮೊದಲ ಹದಿಮೂರನ್ನು ಯಾರು ಬರೆದರೋ ಯಾರಿಗೂ ಗೊತ್ತಿಲ್ಲ. ಹದಿನಾಲ್ಕನೆಯದು ಮಾತ್ರ ನನ್ನದು. ‘ಯಾವುದೇ ನಿವಾಸಿಯು ಇತರರಿಗೆ ಕೇಳಿಸುವಂತೆ ಯಾವುದೇ ವಾದ್ಯವನ್ನು ನುಡಿಸತಕ್ಕದ್ದಲ್ಲ, ಊದತಕ್ಕದ್ದೂ ಅಲ್ಲ. ತಪ್ಪಿದವರು ಮನೆ ಖಾಲಿ ಮಾಡತಕ್ಕದ್ದು.’

ಊದುವ ವಿಚಾರವನ್ನು ಸೇರಿಸಿದ್ದು ಮೂರನೇ ಮಹಡಿಯ ಹಲ್ಲಿನ ಡಾಕ್ಟರಿಗಾಗಿ. ಅವರು ಐವತ್ತು ದಾಟಿದ ಮೇಲೆ ಟ್ರಂಪೆಟ್ ಕಲಿಯಲು ಹೊರಟಿದ್ದರು. ನಾನು ತೂಕ ಮತ್ತು ಅಳತೆ ಕಚೇರಿಯವನು, ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವುದು ನನ್ನ ಉದ್ಯೋಗ. ಹಾಗಾಗಿ ಸಭೆಯಲ್ಲಿ ನಾನು ಎದ್ದು ನಿಂತರೆ ಜನ ನ್ಯಾಯವೇ ಎದ್ದು ನಿಂತಿತೆಂದು ತಿಳಿಯುತ್ತಾರೆ. ಅಂದು ಚಪ್ಪಾಳೆ ಬಿತ್ತು. ಡಾಕ್ಟರು ಟ್ರಂಪೆಟ್ಟನ್ನು ಪೆಟ್ಟಿಗೆಗೆ ಹಾಕಿದರು. ಆಮೇಲೆ ನನ್ನ ಹೆಂಡತಿಯ ದವಡೆ ಹಲ್ಲು ಕೀಳುವಾಗ ಅವರು ಸ್ವಲ್ಪ ಹೆಚ್ಚೇ ಬಲ ಹಾಕಿದರೆಂದು ಅವಳು ಈಗಲೂ ಹೇಳುತ್ತಾಳೆ.

ಇಷ್ಟೆಲ್ಲ ಮಾಡಿದ ನನ್ನ ಮನೆಯಲ್ಲಿ, ಬೀರುವಿನ ಹಿಂದೆ, ಒಂದು ಎಲೆಕ್ಟ್ರಿಕ್ ಗಿಟಾರ್ ಇತ್ತು.

ಗಿಟಾರನ್ನು ನಾನು ಇಪ್ಪತ್ತು ವರ್ಷದಿಂದ, ಹೊರಗೆ ಕೇಳಿಸದಂತೆ ಸ್ಪೀಕರಿಗೆ ಜೋಡಿಸದೆ, ನುಡಿಸುತ್ತಿದ್ದೆ. ನುಡಿಸುತ್ತಿದ್ದುದು ಒಂದೇ ರಾಗ, ನಾನೇ ಕಟ್ಟಿದ್ದು. ಅದರ ನಾಲ್ಕನೇ ಸುತ್ತಿನಲ್ಲಿ ಕಿರುಬೆರಳು ದೂರದ ಒಂದು ತಂತಿಯನ್ನು ಮುಟ್ಟಬೇಕು, ಮುಟ್ಟುವುದಿಲ್ಲ. ಇಪ್ಪತ್ತು ವರ್ಷದಿಂದಲೂ ಮುಟ್ಟಿಲ್ಲ. ಅಲ್ಲಿ ಎಡವಿ ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ. ಈ ಕಷ್ಟವನ್ನು ಮದುವೆಯೊಂದರಲ್ಲಿ ನನ್ನ ಬಾಮೈದನ ಬಳಿ ತೋಡಿಕೊಂಡೆ. ಅವನಿಗೆ ಗಿಟಾರ್ ನಿಜವಾಗಿಯೂ ಬರುತ್ತದೆ.

“ಭಾವ, ಅದಕ್ಕೆ ಯಾಕೆ ಇಷ್ಟು ತಲೆ ಕೆಡಿಸ್ಕೋತೀರಿ? ಒಂದು ಡಿಸ್ಟಾರ್ಷನ್ ಪೆಡಲ್ ತಗೊಳ್ಳಿ, ಗಿಟಾರಿನ ದನಿ ಒಡೆಯೋ ಪೆಟ್ಟಿಗೆ. ದನಿ ಒಡೆದುಹೋದ ಮೇಲೆ ತಪ್ಪು ಯಾವುದು ಸರಿ ಯಾವುದು ಅಂತ ಯಾರಿಗೆ ಗೊತ್ತಾಗುತ್ತೆ?”

ಹಾಗಂದವನು ತಮಾಷೆಗೆ ಅಂದಿದ್ದ. ನಾನು ಅದನ್ನು ವೈದ್ಯರ ಚೀಟಿಯ ಹಾಗೆ ಮಡಿಸಿ ಮನಸ್ಸಿನಲ್ಲಿಟ್ಟುಕೊಂಡೆ. ಹುಡುಕುತ್ತಾ ಹೋದಾಗ ಒಬ್ಬ ಮನುಷ್ಯ ಸಿಕ್ಕ. ಅವನು ತನ್ನ ಕಾರಿನ ಶೆಡ್ಡಿನಲ್ಲಿ ಕೂತು, ಒಂದೊಂದೇ ಪೆಡಲನ್ನು ಕೈಯಿಂದಲೇ ಬೆಸುಗೆ ಹಾಕಿ ಮಾಡುತ್ತಾನಂತೆ. ವರ್ಷಕ್ಕೆ ನಲವತ್ತು ಮಾತ್ರ. ಹನ್ನೊಂದು ತಿಂಗಳು ಕಾದೆ. ಬಂದದ್ದು ಸಾಬೂನಿನ ಡಬ್ಬಿಯಷ್ಟು ದೊಡ್ಡ ಲೋಹದ ಪೆಟ್ಟಿಗೆ, ಹಸಿರು ಬಣ್ಣ, ಮೇಲೆ ಐದು ತಿರುಪು, ಮೂರು ಪುಟ್ಟ ಸ್ವಿಚ್ಚು, ಕೆಳಗೆ ಕಾಲಲ್ಲಿ ಒತ್ತುವ ಒಂದು ಗುಂಡಿ. ಜೊತೆಯಲ್ಲಿ ಅವನದೇ ಕೈಬರಹದ ಚೀಟಿ: ‘ಇದರಲ್ಲಿ ಹದಿನೇಳು ಬಗೆಯ ಒಡಕು ದನಿಗಳಿವೆ. ನಿಮ್ಮದನ್ನು ನೀವೇ ಹುಡುಕಿಕೊಳ್ಳಿ.’

ಹೆಂಡತಿ ಅದನ್ನು ಎತ್ತಿ, ತಿರುಗಿಸಿ, ಅಲ್ಲಾಡಿಸಿ ನೋಡಿದಳು.

“ಚೆನ್ನಾಗಿರೋ ದನಿಯನ್ನ ಕೆಡಿಸೋಕೇ ಇದು?”

“ಕೆಡಿಸೋದಲ್ಲ. ಬಣ್ಣ ಕೊಡೋದು.”

“ನಿಮ್ಮ ದನಿಯನ್ನ ಇನ್ನೂ ಕೆಡಿಸೋಕೆ ಒಬ್ಬ ಮನುಷ್ಯ ಹನ್ನೊಂದು ತಿಂಗಳು ತಗೊಂಡ ಅಂದ್ರೆ, ಪಾಪ, ಕಷ್ಟಪಟ್ಟಿದಾನೆ ರೀ.”

ಕೆಳಗೆ ಲಿಫ್ಟಿನ ಬಾಗಿಲಲ್ಲಿ ಸಂಘದ ಕಾರ್ಯದರ್ಶಿಗಳು ಪಾರ್ಸೆಲ್ಲನ್ನು ನೋಡಿ “ಏನು ಸಾರ್ ಅದು?” ಎಂದು ಕೇಳಿದ್ದರು. ಹದಿನಾಲ್ಕನೇ ನಿಯಮ ನನ್ನ ಹೆಗಲ ಪಕ್ಕದಲ್ಲೇ ಇತ್ತು. “ಪಾದಕ್ಕೆ ವ್ಯಾಯಾಮದ ಯಂತ್ರ” ಎಂದುಬಿಟ್ಟೆ. ಕಾಲಲ್ಲಿ ಒತ್ತುವುದು ನಿಜವಷ್ಟೆ. ಮುಂದೆ ನಡೆದದ್ದಕ್ಕೆಲ್ಲ ಈ ಮಾತೇ ಬುನಾದಿ.

ನನ್ನ ಹೆಂಡತಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ, ಶನಿವಾರ ಐದರವರೆಗೆ. ನನಗೆ ಅರ್ಧ ದಿನ ರಜೆ. ಮೂರರಿಂದ ನಾಲ್ಕು ನನ್ನ ಸಮಯ. ಸದ್ದು ಹೊರಗೆ ಹೋಗದಿರಲು ನಾನು ಶಾಸ್ತ್ರೀಯವಾಗಿ ಯೋಚಿಸಿದೆ. ಹಾಲಿಗೆ ಕಿಟಕಿಗಳಿವೆ, ಕೋಣೆಗೂ ಕಿಟಕಿಗಳಿವೆ. ಬಚ್ಚಲಿಗೆ ಕಿಟಕಿಯಿಲ್ಲ, ಮೂರು ಕಡೆ ಟೈಲ್ಸು, ನಾಲ್ಕನೆಯ ಕಡೆ ಪೈಪುಗಳು ಇಳಿಯುವ ಗೂಡಿನ ಪುಟ್ಟ ಬಾಗಿಲು. ಆ ಗೂಡು ಬರೀ ಟೊಳ್ಳು, ಸದ್ದನ್ನು ನುಂಗಿಕೊಳ್ಳುತ್ತದೆ ಎಂದು ಲೆಕ್ಕ ಹಾಕಿ, ಸ್ಪೀಕರಿನ ಬಾಯನ್ನು ಆ ಕಡೆಗೇ ತಿರುಗಿಸಿ, ಮೇಲೊಂದು ರಜಾಯಿ ಹೊದಿಸಿದೆ. ಗೂಡು ಆರು ಮಹಡಿಗಳ ಬಚ್ಚಲುಗಳನ್ನೂ ಹಾದು ನೆಲಮಾಳಿಗೆಯ ಪಂಪಿನವರೆಗೆ ಇಳಿಯುತ್ತದೆ ಎಂಬುದು ತಕ್ಕಡಿ ಪರೀಕ್ಷಿಸುವವನ ತಲೆಗೆ ಹೊಳೆಯಲಿಲ್ಲ.

ಮೊದಲ ಶನಿವಾರ ಗುಂಡಿ ಒತ್ತಿದೆ. ತಂತಿ ಮೀಟಿದೆ. ನನ್ನ ಪುಟ್ಟ ಸ್ಪೀಕರಿನಿಂದ ದಪ್ಪನೆಯ, ಗೊಗ್ಗರು ಗುಡುಗೊಂದು ಹೊರಟು ನನ್ನ ಎದೆಗೂಡಿಗೆ ಬಡಿಯಿತು. ನಾಲ್ಕನೇ ಸುತ್ತಿನಲ್ಲಿ ಎಡವಿದೆ, ಅಭ್ಯಾಸದಂತೆ ಮತ್ತೆ ಮೊದಲಿನಿಂದ ಶುರು ಮಾಡಿದೆ, ಆದರೆ ಎಡವಿದ್ದು ನನ್ನ ಕಿವಿಗೇ ಗೊತ್ತಾಗಲಿಲ್ಲ. ಬಾಮೈದ ಸರಿಯಾಗಿಯೇ ಹೇಳಿದ್ದ. ಆ ಒಂದು ಗಂಟೆ ನಾನು ಎಷ್ಟು ಸುಖವಾಗಿದ್ದೆನೆಂದರೆ, ಈಗಲೂ ಅದನ್ನು ನೆನೆಸಿಕೊಂಡು ನಾಚಿಕೆಪಡಲು ಸ್ವಲ್ಪ ಕಷ್ಟವಾಗುತ್ತದೆ.

ಸಂಜೆ ಹಾಲು ತರಲೆಂದು ಇಳಿದರೆ ನೆಲಮಹಡಿಯಲ್ಲಿ ಗುಂಪು ಸೇರಿತ್ತು. ಎರಡನೇ ಮಹಡಿಯ ಅಜ್ಜಿ ನಡುವೆ ನಿಂತಿದ್ದರು.

“ನಾನು ಸ್ನಾನಕ್ಕೆ ಕೂತಿದ್ದೆ ಕಣ್ರೀ. ಗೋಡೆಯೊಳಗಿಂದ ಯಾರೋ ಗದರಿದ ಹಾಗಾಯ್ತು. ಅರ್ಧ ಸೋಪಲ್ಲೇ ಎದ್ದು ಬಂದೆ!”

“ಪಂಪಿನ ಬೇರಿಂಗ್ ಹೋಗಿದೆ” ಎಂದರು ಕಾರ್ಯದರ್ಶಿಗಳು. “ಮೇಸ್ತ್ರೀನ ಕರೀರಿ.”

ಮೇಸ್ತ್ರಿ ಎಂದರೆ ನಮ್ಮ ಪಂಪ್ ಮೇಸ್ತ್ರಿ. ಇಪ್ಪತ್ತಾರು ವರ್ಷದಿಂದ ಈ ಕಟ್ಟಡದ ನೀರು ಅವರ ಕೈಯಲ್ಲಿತ್ತು. ಪಂಪನ್ನು ಅವರು ಬಿಚ್ಚಿ ನೋಡುತ್ತಿರಲಿಲ್ಲ, ಕೇಳಿ ನೋಡುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪೈಪಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. “ಮೂರನೇ ಮನೆಯಲ್ಲಿ ನಲ್ಲಿ ವಾಷರು ಸಡಿಲ” ಎಂದರೆ ಸಡಿಲವೇ. ನಾವು ಈ ಕಟ್ಟಡಕ್ಕೆ ಬಂದ ಹೊಸದರಲ್ಲಿ ಆ ಸ್ಕ್ರೂಡ್ರೈವರನ್ನು ನನ್ನ ಕಿವಿಗೂ ಹಿಡಿದು, “ಕೇಳಿ ಸಾರ್, ಇದು ನೀರು. ಇದು ಗಾಳಿ. ಇದು ಸುಸ್ತಾಗಿರೋ ಮೋಟರು” ಎಂದು ಹೇಳಿಕೊಟ್ಟಿದ್ದರು. ಕಟ್ಟಡದಲ್ಲಿ ನನಗೆ ಅವರಷ್ಟು ಇಷ್ಟವಾದವರು ಇನ್ನೊಬ್ಬರಿರಲಿಲ್ಲ. ಅವರು ಅಂದು ಎಲ್ಲರ ಸಮಾಧಾನಕ್ಕೆಂದು ಪಂಪನ್ನು ಪೂರ್ತಿ ಬಿಚ್ಚಿ, ಬೇರಿಂಗನ್ನು ಬೆಳಕಿಗೆ ಹಿಡಿದು ನೋಡಿ, ಗ್ರೀಸು ಬಳಿದು ಮತ್ತೆ ಜೋಡಿಸಿದರು.

“ಪಂಪು ಸರಿಯಾಗೇ ಇದೆ” ಎಂದರು.

ಹೇಳಬೇಕಾದದ್ದು ಆಗಲೇ. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಕಾರ್ಯದರ್ಶಿಗಳು ನನ್ನ ಕೈ ಹಿಡಿದುಕೊಂಡು, “ಸದ್ದಿನ ವಿಚಾರದಲ್ಲಿ ನಿಮಗಿಂತ ತಿಳಿದವರು ಯಾರಿದಾರೆ ಸಾರ್? ತನಿಖೆ ನಿಮ್ಮದೇ ಮೇಲ್ವಿಚಾರಣೆಯಲ್ಲಿ ಆಗಲಿ” ಎಂದುಬಿಟ್ಟರು. ತೆರೆದ ಬಾಯಿಯಿಂದ “ಆಗಲಿ” ಎಂಬ ಮಾತು ಹೊರಬಂತು.

ನನ್ನ ಉದ್ದೇಶ ಒಳ್ಳೆಯದೇ ಇತ್ತೆಂದು ಇಲ್ಲಿ ಬರೆದಿಡುತ್ತೇನೆ. ಮೇಸ್ತ್ರಿ ಪಾಪ, ಇನ್ನೊಮ್ಮೆ ಪಂಪು ಬಿಚ್ಚಬಾರದು. ಆದ್ದರಿಂದ ಪಂಪಿನಂತೆ ಕೇಳಿಸದ ಒಡಕನ್ನು ಆರಿಸಬೇಕು. ಹದಿನೇಳು ಇವೆಯಲ್ಲ! ಎರಡನೇ ಶನಿವಾರ ಮೂರನೇ ತಿರುಪನ್ನು ಪೂರ್ತಿ ಬಲಕ್ಕೆ ತಿರುಗಿಸಿ, ತೆಳ್ಳಗೆ ಗುಂಯ್‌ಗುಡುವ ದನಿಯಲ್ಲಿ ನುಡಿಸಿದೆ. ಪಂಪಿನ ಹೆಸರನ್ನು ಯಾರೂ ಎತ್ತಲಿಲ್ಲ. ಗೋಡೆಯೊಳಗೆ ಜೇನುಗೂಡು ಕಟ್ಟಿದೆ ಎಂದರು. ಮುಂದಿನ ಶನಿವಾರ ಜೇನು ಬಿಡಿಸುವವನೊಬ್ಬ ಮುಖಕ್ಕೆ ಜಾಲರಿ, ಕೈಗೆ ಗವಸು ತೊಟ್ಟು ಬಂದು ಅಜ್ಜಿಯ ಬಚ್ಚಲಿನಲ್ಲಿ ಸ್ಟೂಲ್ ಹಾಕಿಕೊಂಡು ಕೂತ. ಅವನನ್ನು ಜೇನಿನ ಗುಂಗಿನಿಂದ ಬಿಡಿಸಲು ನಾನು ಐದನೇ ತಿರುಪು ಮುಟ್ಟಿದೆ. ಈ ಸಲ ಹರಿದ ತಗಡಿನ ಸೀಳು ದನಿ. ಅವನು ಜಾಲರಿಯನ್ನೂ ಬಿಟ್ಟು ಓಡಿದ. “ನನ್ನ ಜನ್ಮದಲ್ಲಿ ಇಂಥ ಹುಳ ನೋಡಿಲ್ಲ” ಎಂದು ಬೀದಿಯಲ್ಲಿ ನಿಂತು ಕೂಗಿ ಹೇಳಿದ.

ಆಮೇಲೆ ನೀರಿನ ಇಲಾಖೆಯ ಅಧಿಕಾರಿ ಬಂದರು. ತನಿಖೆಯ ಮುಖ್ಯಸ್ಥನಾಗಿ ನಾನೇ ಅವರನ್ನು ಮಹಡಿ ಮಹಡಿ ಸುತ್ತಿಸಿದೆ. ಅವರ ನಮೂನೆಯಲ್ಲಿ ಮೂರೇ ಸದ್ದುಗಳಿದ್ದವು: ಸೋರಿಕೆ, ಬಡಿತ, ಶಿಳ್ಳೆ.

“ಗದರಿಕೆ ಅಂತ ಕಾಲಮ್ ಇಲ್ವಾ?” ಎಂದರು ಅಜ್ಜಿ.

“ಇಲ್ಲಮ್ಮ. ಕಾಲಮ್ಮಿಗೆ ಬರದ ಸದ್ದನ್ನ ನಾವು ಕೇಳಿಸ್ಕೊಳ್ಳೋ ಹಾಗಿಲ್ಲ.”

“ಹಾಗಾದ್ರೆ ನಾನು ಸ್ನಾನ ಹೇಗೆ ಮಾಡ್ಲಿ?”

“ಸ್ನಾನ ನಮ್ಮ ವಿಭಾಗಕ್ಕೆ ಬರಲ್ಲ.”

ಅಷ್ಟರಲ್ಲಿ ಜನರ ಮಾತು ತಿರುಗಿತ್ತು. ಒಂದು ವಾರ ಗದರಿಕೆ, ಒಂದು ವಾರ ಜೇನು, ಒಂದು ವಾರ ತಗಡು. ಪಂಪು ಎಷ್ಟು ಹಾಳಾಗಿರಬೇಕು! ನೋಡಿಕೊಳ್ಳುವವನಿಗೆ ಒಂದೂ ಗೊತ್ತಾಗುವುದಿಲ್ಲವಲ್ಲ! ಮೇಸ್ತ್ರಿ ನಾಲ್ಕು ಸಲ ಪಂಪು ಬಿಚ್ಚಿದರು. ನಾಲ್ಕು ಸಲವೂ “ಸರಿಯಾಗೇ ಇದೆ” ಎಂದರು. ಪ್ರತಿ ಸಲವೂ ಅವರ ಸುತ್ತ ನಿಂತು ನೋಡುವವರು ಕಡಿಮೆಯಾಗುತ್ತಾ ಬಂದರು.

ನಾಲ್ಕನೇ ಶನಿವಾರ ನಾನು ಮೊದಲಿನ ಗುಡುಗಿಗೇ ಮರಳಿದ್ದೆ, ಆಸೆ ತಡೆಯಲಾಗಿರಲಿಲ್ಲ. ಮೂರನೇ ಸಲ ಎಡವಿ ಮೊದಲಿನಿಂದ ಶುರು ಮಾಡುವಾಗ ಬಾಗಿಲು ತಟ್ಟಿದ ಸದ್ದಾಯಿತು. ಗಿಟಾರನ್ನು ಬೀರುವಿನ ಹಿಂದಕ್ಕೆ, ಪೆಡಲನ್ನು ಬಕೆಟ್ಟಿನ ಹಿಂದಕ್ಕೆ ತಳ್ಳಿ ಬಾಗಿಲು ತೆಗೆದರೆ ಮೇಸ್ತ್ರಿ. ಕೈಯಲ್ಲಿ ಸ್ಕ್ರೂಡ್ರೈವರು, ಮಹಡಿ ಹತ್ತಿದ ಏದುಸಿರು.

“ಒಂದೊಂದೇ ಮನೆ ಕೇಳ್ಕೊಂಡು ಬರ್ತಾ ಇದೀನಿ ಸಾರ್. ನಿಮ್ಮ ಬಚ್ಚಲು ಒಂದು ನೋಡ್ಲಾ?”

ಬೇಡವೆನ್ನಲು ಕಾರಣ ಸಿಗಲಿಲ್ಲ. ಅವರು ಪೈಪಿಗೆ ಸ್ಕ್ರೂಡ್ರೈವರು ಊರಿ, ಕಣ್ಣು ಮುಚ್ಚಿದರು. ಅವರ ಮೊಣಕಾಲಿನ ಪಕ್ಕದಲ್ಲೇ, ಸ್ಪೀಕರಿನ ಮೇಲೆ, ರಜಾಯಿ ಗುಡ್ಡೆಯಾಗಿ ಕೂತಿತ್ತು.

“ಅದು… ಒಗೆಯೋಕೆ ನೆನೆಸಿಟ್ಟಿದೀನಿ” ಎಂದೆ, ಅವರು ಕೇಳುವ ಮೊದಲೇ.

“ಹೂಂ” ಎಂದರು. ಬಹಳ ಹೊತ್ತು ಹಾಗೆಯೇ ನಿಂತಿದ್ದರು. ಆಮೇಲೆ ಸ್ಕ್ರೂಡ್ರೈವರನ್ನು ಜೇಬಿಗಿಟ್ಟು, ನನ್ನ ಮುಖ ನೋಡಿ, “ಬರ್ತೀನಿ ಸಾರ್. ನಾಳೆ ಸಭೆ ಇದೆ ಅಲ್ವಾ?” ಎಂದು ಹೊರಟರು.

ಭಾನುವಾರದ ಸಭೆಗೆ ಕುರ್ಚಿ ಸಾಲದಷ್ಟು ಜನ. ಹೊಸ ಆಟೊಮ್ಯಾಟಿಕ್ ಪಂಪು, ಅದರ ಕಂಪನಿಯವರದೇ ನಿರ್ವಹಣೆ, ಇದು ಕಾರ್ಯದರ್ಶಿಗಳ ಪ್ರಸ್ತಾಪ. ಮೇಸ್ತ್ರಿ ಕೊನೆಯಲ್ಲಿ ಎದ್ದು ನಿಂತರು. ಅವರು ಸಭೆಯಲ್ಲಿ ಮಾತಾಡಿದ್ದನ್ನು ನಾವು ಯಾರೂ ನೋಡಿರಲಿಲ್ಲ.

“ಇದು ಯಂತ್ರದ ಸದ್ದಲ್ಲ ಸಾರ್. ಯಂತ್ರ ಕೆಟ್ರೆ ಕೆಟ್ಟೇ ಇರುತ್ತೆ. ಇದು ಮೂರು ಸುತ್ತು ಸರಿಯಾಗಿ ಹೋಗಿ, ನಾಲ್ಕನೇದರಲ್ಲಿ ಒಂದೇ ಜಾಗದಲ್ಲಿ ಎಡವುತ್ತೆ. ಎಡವಿ, ಮತ್ತೆ ಮೊದಲಿಂದ ಶುರು ಮಾಡುತ್ತೆ. ಪಂಪು ಹಾಗೆ ಮಾಡಲ್ಲ. ಮನುಷ್ಯರು ಮಾಡ್ತಾರೆ.”

ಎಲ್ಲರೂ ನಕ್ಕರು. “ಪೈಪೊಳಗೆ ಮನುಷ್ಯರಾ?” ಎಂದರು ಅಜ್ಜಿ. ಹಲ್ಲಿನ ಡಾಕ್ಟರು, “ಮೇಸ್ತ್ರಿ, ಒಂದ್ಸಲ ಕಿವಿ ಪರೀಕ್ಷೆ ಮಾಡಿಸಿ, ನನಗೆ ಗೊತ್ತಿರೋರು ಇದಾರೆ” ಎಂದರು. ಅವರು ಕೇಡಿಗಾಗಿ ಹೇಳಲಿಲ್ಲ. ಕಾರ್ಯದರ್ಶಿಗಳು ನನ್ನ ಕಡೆ ತಿರುಗಿದರು.

“ತನಿಖೆ ಮಾಡಿದೋರು ನೀವು. ನೀವೇ ಹೇಳಿ ಸಾರ್.”

ಮೇಸ್ತ್ರಿಯೂ ನನ್ನನ್ನೇ ನೋಡುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ನನ್ನ ರಾಗವನ್ನು ಅಷ್ಟು ಗಮನವಿಟ್ಟು ಕೇಳಿದವರು ಅವರೊಬ್ಬರೇ. ಅದು ನನಗೆ ಆಗಲೇ ಹೊಳೆಯಿತು, ಹೊಳೆದರೂ ನಾನು ಎದ್ದು ನಿಂತು ಗಂಟಲು ಸರಿಮಾಡಿಕೊಂಡೆ.

“ನಮ್ಮ ಕಚೇರಿಯಲ್ಲಿ ಹಿತ್ತಾಳೆ ತೂಕದ ಕಲ್ಲುಗಳಿರುತ್ತವೆ. ಎರಡು ವರ್ಷಕ್ಕೊಮ್ಮೆ ಪರೀಕ್ಷೆ ಮಾಡ್ತೀವಿ. ತಪ್ಪು ಯಾರದ್ದೂ ಅಲ್ಲ. ತೂಕದ ಕಲ್ಲೂ ಸವೆಯುತ್ತೆ. ಸವೆದದ್ದನ್ನ ಗೌರವದಿಂದ ತೆಗೆದಿಡ್ತೀವಿ.”

ಚಪ್ಪಾಳೆ ಬಿತ್ತು. ಹದಿನಾಲ್ಕನೇ ನಿಯಮಕ್ಕೆ ಬಿದ್ದದ್ದಕ್ಕಿಂತ ಜೋರಾಗಿಯೇ ಬಿತ್ತು. ಮೇಸ್ತ್ರಿ ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟು, ಎಲ್ಲರಿಗೂ ಕೈಮುಗಿದು ಹೋದರು.

ಹೊಸ ಪಂಪು ಬಂತು. ನಾನು ಗಿಟಾರ್ ಮುಟ್ಟಲಿಲ್ಲ, ಸದ್ದು ತಾನಾಗಿಯೇ ನಿಂತಿತು. ‘ನೋಡಿದ್ರಾ’ ಎಂದರು ಎಲ್ಲರೂ. ನನಗೆ ಅನ್ನ ಸೇರಲಿಲ್ಲ. ಎರಡನೇ ವಾರಕ್ಕೆ ಹೆಂಡತಿ ತಟ್ಟೆ ಎಳೆದಿಟ್ಟು ನನ್ನ ಬಾಯಿಂದ ವಿಷಯ ಹೊರಡಿಸಿದಳು. ಪೂರ್ತಿ ಕೇಳಿದ ಮೇಲೆ ಬಯ್ಯುತ್ತಾಳೆಂದುಕೊಂಡೆ. ಅವಳು ಬಯ್ಯಲಿಲ್ಲ.

“ಅವರ ಎದುರಿಗೇ ನಿಂತು ಹೇಳಿದ್ರಾ, ಸವೆದಿದೆ ಅಂತ?” ಎಂದಷ್ಟೇ ಕೇಳಿದಳು. ಆಮೇಲೆ, “ಮನೆ ಖಾಲಿ ಮಾಡೋದಾದ್ರೆ ಮಾಡೋಣ. ಹೋಗಿ ಹೇಳಿ” ಎಂದಳು.

ಮುಂದಿನ ಸಭೆಗೆ ಗಿಟಾರು, ಸ್ಪೀಕರು, ಪೆಡಲು ಎಲ್ಲವನ್ನೂ ಹೊತ್ತುಕೊಂಡು ಹೋದೆ. “ಸದ್ದು ನನ್ನದು” ಎಂದೆ. ಯಾರೂ ನಂಬಲಿಲ್ಲ. “ನುಡಿಸಿ ತೋರಿಸ್ತೀನಿ” ಎಂದು ಗುಂಡಿ ಒತ್ತಿದೆ. ಬಂದದ್ದು ಮಿಕ್ಸಿಗೆ ಚಮಚ ಬಿದ್ದ ಸದ್ದು. ನಡುವೆ ಒಂದು ದಿನ ಹೆಂಡತಿ ಧೂಳು ಒರೆಸುವಾಗ, ನೋಡಲು ಚೆಂದವಿರಲೆಂದು ಐದೂ ತಿರುಪುಗಳನ್ನು ಒಂದೇ ಕಡೆಗೆ ಸಾಲಾಗಿ ತಿರುಗಿಸಿದ್ದಳು. ಮೊದಲು ಎಲ್ಲಿದ್ದವೆಂದು ನಾನು ಎಲ್ಲೂ ಬರೆದಿಟ್ಟಿರಲಿಲ್ಲ. ಒಂದು ತಿರುಗಿಸಿದರೆ ಕಪ್ಪೆ, ಇನ್ನೊಂದು ತಿರುಗಿಸಿದರೆ ಹೊಲಿಗೆ ಯಂತ್ರ. ಆ ಗುಡುಗು ಬರಲೇ ಇಲ್ಲ. ನಮ್ಮ ಬಚ್ಚಲಿಗೆ ಬಂದು ಕೇಳಿ ಎಂದು ಬೇಡಿಕೊಂಡೆ, ಅಲ್ಲಿಯೂ ಕಪ್ಪೆಯೇ.

ಹಲ್ಲಿನ ಡಾಕ್ಟರು ತೀರ್ಪು ಕೊಟ್ಟರು. “ನಾವು ಕೇಳಿದ್ದು ಇದಲ್ಲ ಸಾರ್. ಅದು ಭಯಂಕರವಾಗಿತ್ತು. ಇದು ಬರೀ ಕೆಟ್ಟದಾಗಿದೆ.”

ಕಾರ್ಯದರ್ಶಿಗಳ ಕಣ್ಣು ಒದ್ದೆಯಾಗಿತ್ತು. “ಆ ಬಡವನ ಮಾನ ಉಳಿಸೋಕೆ ಎಂಥ ಸುಳ್ಳು ಹೇಳ್ತಿದೀರಿ ಸಾರ್! ಎಂಥ ಮನಸ್ಸು ನಿಮ್ಮದು!” ನನಗೆ ಕೃತಜ್ಞತೆ ಸೂಚಿಸುವ ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು.

ಉಳಿದದ್ದು ಒಂದೇ ದಾರಿ. ಆ ದನಿಯನ್ನು ಮತ್ತೆ ಹುಡುಕಿಕೊಡಬಲ್ಲ ಕಿವಿ ಈ ಊರಿನಲ್ಲಿ ಒಂದೇ ಇತ್ತು. ಮಾರನೆಯ ಬೆಳಿಗ್ಗೆ ಎಲ್ಲವನ್ನೂ ಹೊತ್ತು ಮೇಸ್ತ್ರಿಯ ಮನೆಗೆ ಹೋದೆ. ಎರಡು ಬೀದಿ ಆಚೆ, ಒಂದು ಕೋಣೆ, ಅಕ್ಕನ ಜೊತೆ ಇದ್ದರು. ಕಿಟಕಿಯ ಬಳಿ ಕೂತು ಯಾರದೋ ಟೇಬಲ್ ಫ್ಯಾನ್ ರಿಪೇರಿ ಮಾಡುತ್ತಿದ್ದರು. ಪೆಟ್ಟಿಗೆಯನ್ನು ಅವರ ಮುಂದಿಟ್ಟೆ. ಅವರು ಏನೂ ಕೇಳದೆ ಸ್ಕ್ರೂಡ್ರೈವರನ್ನು ಸ್ಪೀಕರಿಗೆ ಊರಿ, ಕಿವಿಗೆ ಒತ್ತಿಕೊಂಡು, ಇನ್ನೊಂದು ಕೈಯಿಂದ ತಿರುಪು ತಿರುಗಿಸಿದರು. ನಾನು ತಂತಿ ಮೀಟುತ್ತಾ ಕೂತೆ.

“ಇದು ಮೊದಲನೇ ಶನಿವಾರ” ಎಂದರು. ಅದೇ ಗುಡುಗು. “ಇದು ಜೇನು. ಇದು ತಗಡು.” ಐದು ನಿಮಿಷ ಹಿಡಿಯಲಿಲ್ಲ. “ಈಗ ಪೂರ್ತಿ ನುಡಿಸಿ.”

ನುಡಿಸಿದೆ. ನಾಲ್ಕನೇ ಸುತ್ತಿನಲ್ಲಿ ಕಿರುಬೆರಳು ಮುಟ್ಟಲಿಲ್ಲ. ಅವರು ತಲೆಯಾಡಿಸಿದರು.

“ಮೇಸ್ತ್ರಿ, ನಿಮ್ಮ ಕಿವಿಗೆ ಏನೂ ಆಗಿಲ್ಲ. ಅದನ್ನ ಹೇಳೋಕೇ ಬಂದೆ.”

“ಗೊತ್ತು ಸಾರ್.”

“ಯಾವಾಗಿಂದ?”

“ನಿಮ್ಮ ಬಚ್ಚಲಿಗೆ ಬಂದಿದ್ನಲ್ಲ, ಅವತ್ತಿಂದ. ನೆನೆಸಿಟ್ಟ ರಜಾಯಿ ಗುಂಯ್ ಅನ್ನಲ್ಲ. ಸ್ಪೀಕರಿನ ಸ್ವಿಚ್ಚು ಆರಿಸೋದು ಮರೆತಿದ್ರಿ.”

ನಾನು ಗಿಟಾರನ್ನು ಕೆಳಗಿಟ್ಟೆ. “ಮತ್ತೆ ಸಭೆಯಲ್ಲಿ ಯಾಕೆ ಹೇಳಲಿಲ್ಲ?”

“ಹೆಸರು ಹೇಳಿದ್ರೆ ನೀವು ಮನೆ ಬಿಡಬೇಕಾಗಿತ್ತು. ನಿಮ್ಮದೇ ನಿಯಮ. ಅದಕ್ಕೇ ಎಡವೋ ಜಾಗ ಹೇಳಿದೆ, ನೀವೇ ಎದ್ದು ಹೇಳ್ತೀರಿ ಅಂದ್ಕೊಂಡೆ. ನೀವು ಎದ್ದು ನಿಂತಾಗ ಸಮಾಧಾನವೂ ಆಯ್ತು.” ಅವರು ಫ್ಯಾನಿನ ರೆಕ್ಕೆಯನ್ನು ಬಟ್ಟೆಯಿಂದ ಒರೆಸಿದರು. “ಕಿವಿ ಚೆನ್ನಾಗೇ ಇದೆ ಸಾರ್. ಚಪ್ಪಾಳೆ ಪೂರ್ತಿ ಕೇಳಿಸ್ತು.”

ಬನ್ನಿ, ಎಲ್ಲರ ಮುಂದೆ ಈ ದನಿ ಕೇಳಿಸೋಣ ಎಂದೆ. ಬೇಡವೆಂದರು. ನನ್ನ ಮೇಲೆ ಕೋಪ ಮಾಡಿಕೊಳ್ಳಿ ಎಂದೆ. ಅದೂ ಬೇಡವೆಂದರು. ಅವರ ಅಕ್ಕ ಟೀ ತಂದುಕೊಟ್ಟರು, ಕುಡಿದೆ. ಹೊರಡುವಾಗ ಮೇಸ್ತ್ರಿ ಬಾಗಿಲವರೆಗೆ ಬಂದು, “ಹೆಬ್ಬೆರಳನ್ನ ಸ್ವಲ್ಪ ಕೆಳಗೆ ಹಿಡೀರಿ, ಕಿರುಬೆರಳು ಮುಟ್ಟುತ್ತೆ” ಎಂದರು. ಮನೆಗೆ ಬಂದು ಹಿಡಿದು ನೋಡಿದೆ. ಮುಟ್ಟಿತು. ಗಿಟಾರನ್ನು ಗೋಡೆಗೆ ಒರಗಿಸಿ ಅತ್ತುಬಿಟ್ಟೆ.

ಇದಾಗಿ ಎಂಟು ತಿಂಗಳು. ಹೋದ ವಾರ ಬೆಳಿಗ್ಗೆ ಹಲ್ಲುಜ್ಜುವಾಗ ಪೈಪಿನಲ್ಲಿ ಏನೋ ಕೇಳಿಸಿತು. ಅಡುಗೆಮನೆಯ ಸ್ಕ್ರೂಡ್ರೈವರು ತಂದು ಊರಿ, ಕಣ್ಣು ಮುಚ್ಚಿದೆ. ನೀರಲ್ಲ, ಗಾಳಿಯಲ್ಲ. ಸುಸ್ತಾಗಿರುವ ಮೋಟರು. ಹೊಸ ಪಂಪಿನ ಬೇರಿಂಗ್ ಹೋಗುತ್ತಿತ್ತು. ಲಿಫ್ಟಿನಲ್ಲಿ ಸಿಕ್ಕ ಕಾರ್ಯದರ್ಶಿಗಳಿಗೆ ಹೇಳಿದೆ.

“ಮತ್ತೆ ನಿಮ್ಮ ಗಿಟಾರಾ ಸಾರ್?” ಎಂದು ನಕ್ಕರು.

“ತಮಾಷೆ ಅಲ್ಲ. ನಿಜವಾಗ್ಲೂ ಬೇರಿಂಗು. ಮೇಸ್ತ್ರೀನ ಒಂದ್ಸಲ ಕರೆಸಿ ಕೇಳಿಸೋಣ.”

ಅವರು ನನ್ನ ಭುಜದ ಮೇಲೆ ಕೈಯಿಟ್ಟರು. ದನಿಯಲ್ಲಿ ಕನಿಕರವಿತ್ತು.

“ಪಾಪ, ಅವರನ್ನ ಯಾಕೆ ಮತ್ತೆ ಎಳೀತೀರಿ ಸಾರ್. ತೂಕದ ಕಲ್ಲೂ ಸವೆಯುತ್ತೆ.”

ಆ ಮಾತು ಯಾರದೆಂದು ಅವರಿಗೆ ನೆನಪಿರಲಿಲ್ಲ. ಈಗ ಕಟ್ಟಡದಲ್ಲಿ ಎಲ್ಲರೂ ಅದನ್ನು ಹೇಳುತ್ತಾರೆ, ಅಜ್ಜಿ ಕೂಡ. ನಾನು ಕನ್ನಡಿಯ ಕಡೆಗೆ ನೋಡದೆ, ಹದಿನಾಲ್ಕನೇ ನಿಯಮವನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾ ನಿಂತೆ. ಲಿಫ್ಟು ನೆಲಮಹಡಿಗೆ ಬಂತು, ಕಾರ್ಯದರ್ಶಿಗಳು ಇಳಿದು ಹೋದರು. ಕೆಳಗೆ ಪಂಪು ಗೊರಗೊರ ಎನ್ನುತ್ತಿತ್ತು.